ಪದ್ಮಿನಿಯ ಕಾರ್ಬ್ಯುರೇಟರಿಗೆ ಎರಡು ಸಲ ಕಿಟ್ ಹಾಕಿದರೂ ಐಡಲ್ ಒಂದೇ ಸಮ ಇರುತ್ತಿಲ್ಲ, ಅನುಭವ ಇದ್ದವರು ಹೇಳಿ

ಕೇಳಿದವರು, ಮೈಸೂರು:

ಅಪ್ಪನ 1986ರ ಪ್ರೀಮಿಯರ್ ಪದ್ಮಿನಿ ಆರು ವರ್ಷ ಶೆಡ್ಡಿನಲ್ಲಿ ನಿಂತಿತ್ತು. ಟ್ಯಾಂಕ್ ತೊಳೆಸಿ, ಹೊಸ ಬ್ಯಾಟರಿ ಹಾಕಿ ಎಬ್ಬಿಸಿದೆವು. ಓಡುವಾಗ ತಕರಾರಿಲ್ಲ. ಐಡಲ್, ಅಂದರೆ ಕಾಲು ತೆಗೆದಾಗಿನ ನಿಧಾನ ಓಟ, ಸರಿಯಿಲ್ಲ: ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಒಮ್ಮೆ ಗುರ್ರೆಂದು ಏರಿಕೊಂಡೇ ಇರುತ್ತದೆ, ಇನ್ನೊಮ್ಮೆ ಉಸಿರು ಬಿಟ್ಟು ಸುಮ್ಮನಾಗುತ್ತದೆ. ಸಿಗ್ನಲ್‌ನಲ್ಲಿ ಹಿಂದಿನವರ ಹಾರ್ನ್ ಕೇಳಿ ಸಾಕಾಗಿದೆ. ಪೆಟ್ರೋಲಿಗೆ ಗಾಳಿ ಬೆರೆಸುವ ಸೋಲೆಕ್ಸ್ ಕಾರ್ಬ್ಯುರೇಟರಿಗೆ ಎರಡು ಸಲ ರಿಪೇರಿ ಕಿಟ್ ಹಾಕಿಸಿದ್ದಾಯಿತು. ಈ ಸಲ ನಾನೇ ಬಿಚ್ಚಬೇಕೆಂದಿದ್ದೇನೆ. ಎಲ್ಲಿಂದ ಶುರು ಮಾಡಲಿ?

ಹುಬ್ಬಳ್ಳಿಯಿಂದ:

ಬಿಚ್ಚುವ ಮೊದಲು ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ಪಾಯಿಂಟ್ (ಕಿಡಿಗಾಗಿ ತೆರೆದು ಮುಚ್ಚುವ ಸ್ವಿಚ್) ನೋಡಿ. ಕಾರ್ಬ್ಯುರೇಟರ್ ಕಾಯಿಲೆ ಎಂದು ನನ್ನ ಬಳಿ ಬಂದ ಗಾಡಿಗಳಲ್ಲಿ ಎಷ್ಟಕ್ಕೋ ಇದ್ದದ್ದು ಪಾಯಿಂಟ್ ಅಥವಾ ಅದರ ಜೊತೆಗಿನ ಕಂಡೆನ್ಸರ್ ಕಾಯಿಲೆ. ಅದು ನೆಟ್ಟಗಿದ್ದರೆ ಎಂಜಿನ್ ಬಿಸಿಯಾಗುವವರೆಗೆ ಬಿಟ್ಟು, ಥ್ರಾಟಲ್ ಸ್ಪಿಂಡಲ್ಲಿನ (ಗಾಳಿಯ ದಾರಿ ತೆರೆದು ಮುಚ್ಚುವ ಬಿಲ್ಲೆ ತಿರುಗುವ ಕಡ್ಡಿಯ) ಎರಡೂ ತುದಿಗೆ ಹೊಲಿಗೆ ಯಂತ್ರದ ಎಣ್ಣೆ ಎರಡೆರಡು ಹನಿ ಬಿಡಿ. ಸದ್ದು ಬದಲಾದರೆ ಕಳ್ಳ ಸಿಕ್ಕಿದಂತೆಯೇ. ದಯವಿಟ್ಟು ಈ ಪರೀಕ್ಷೆಯನ್ನು ಪೆಟ್ರೋಲ್ ಚಿಮುಕಿಸಿ ಮಾಡಬೇಡಿ. ಬಾನೆಟ್ಟಿನ ಬಣ್ಣ ಸುಟ್ಟುಕೊಂಡವರನ್ನು ಕಂಡಿದ್ದೇನೆ.

ನೀವು ಹೇಳುವ ಲಕ್ಷಣ ಸ್ಪಿಂಡಲ್ ಸವೆತದ್ದೇ. ಕಾಲು ತೆಗೆದಾಗ ಥ್ರಾಟಲ್ ಮುಚ್ಚಿ, ಅದರ ಕೆಳಗೆ ಎಂಜಿನ್ನಿನ ಎಳೆತ ಜೋರಾಗಿರುತ್ತದೆ. ಸವೆದು ಅಗಲವಾದ ರಂಧ್ರದ ಮೂಲಕ ಲೆಕ್ಕಕ್ಕಿಲ್ಲದ ಗಾಳಿ ಒಳಗೆ ನುಗ್ಗುತ್ತದೆ. ಸ್ಪಿಂಡಲ್ ಪ್ರತಿ ಸಲವೂ ಬೇರೆ ಬೇರೆ ಕಡೆ ವಾಲಿ ಕೂರುವುದರಿಂದ ಆ ಗಾಳಿಯ ಪ್ರಮಾಣವೂ ಒಂದೇ ಇರುವುದಿಲ್ಲ. ಓಡುವಾಗ ಥ್ರಾಟಲ್ ತೆರೆದಿರುತ್ತದೆ, ಎಳೆತ ಕಡಿಮೆ, ಸೋರಿಕೆ ಗೊತ್ತಾಗುವುದಿಲ್ಲ. ಕಿಟ್‌ನಲ್ಲಿ ಬರುವುದು ಗ್ಯಾಸ್ಕೆಟ್, ಪಂಪ್ ಡಯಾಫ್ರಮ್, ನೀಡಲ್ ವಾಲ್ವ್ (ಪೆಟ್ರೋಲ್ ಒಳಬರುವ ದಾರಿ ಮುಚ್ಚುವ ಸೂಜಿ) ಮುಂತಾದವು. ಸವೆದದ್ದು ಕಾರ್ಬ್ಯುರೇಟರಿನ ಮೈ. ಹತ್ತು ಕಿಟ್ ಹಾಕಿದರೂ ಅದು ತುಂಬಿಕೊಳ್ಳುವುದಿಲ್ಲ.

ಒಳ್ಳೆಯ ಲೇತ್ ಕೆಲಸದವರ ಬಳಿ ರಂಧ್ರವನ್ನು ನೇರವಾಗಿ ಕೊರೆಸಿ ಹಿತ್ತಾಳೆ ಬುಷ್ (ಒಳಬಳೆ) ಕೂರಿಸಿರಿ. ಥ್ರಾಟಲ್ ಬಿಲ್ಲೆಯ ಎರಡು ಚಿಕ್ಕ ಸ್ಕ್ರೂಗಳನ್ನು ಮತ್ತೆ ಹಾಕುವಾಗ ಅವಸರ ಬೇಡ: ಸಡಿಲವಾಗಿ ಹಾಕಿ, ಬಿಲ್ಲೆಯನ್ನು ಪೂರ್ತಿ ಮುಚ್ಚಿ, ಬೆಳಕಿಗೆ ಹಿಡಿದು ಸುತ್ತಲೂ ಸಮನಾಗಿ ಕೂತಿದೆಯೇ ನೋಡಿ, ಆಮೇಲೆ ಬಿಗಿ ಮಾಡಿ. ಹೊಸ ಸ್ಕ್ರೂ ಹಾಕಿ, ತುದಿಯನ್ನು ಬಡಿದು ಅಗಲಿಸಿ. ಸಡಿಲವಾಗಿ ಬಿದ್ದರೆ ಅದು ಹೋಗುವುದು ನೇರ ಸಿಲಿಂಡರಿಗೆ.

ಇನ್ನೊಂದು ಮಾತು. ಕಿಟ್‌ನ ಜೆಟ್ (ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ತಿರುಪು) ಹೊಳೆಯುತ್ತದೆ ಎಂದು ಹಳೆಯದನ್ನು ಎಸೆಯಬೇಡಿ. ಜೆಟ್ಟಿನ ಮೇಲೆ ಕೊರೆದ ಸಂಖ್ಯೆ ರಂಧ್ರದ ವ್ಯಾಸ, ಮಿಲಿಮೀಟರಿನ ನೂರನೇ ಭಾಗಗಳಲ್ಲಿ. 120 ಎಂದರೆ 1.20 ಮಿ.ಮೀ. ಎರಡನ್ನೂ ಹೋಲಿಸಿ. ಜೆಟ್ಟಿಗೆ ತಂತಿ ಚುಚ್ಚುವುದು ಮಾತ್ರ ಬೇಡವೇ ಬೇಡ, ಕಾಂಪ್ರೆಸರ್ ಗಾಳಿ ಸಾಕು. ಚಿಕ್ಕಂದಿನಲ್ಲಿ ನಾನು ಪಿನ್ನು ಚುಚ್ಚಿ, ಮೈಲೇಜ್ ಏಕೆ ಬಿತ್ತೆಂದು ತಿಂಗಳುಗಟ್ಟಲೆ ತಲೆ ಕೆರೆದುಕೊಂಡಿದ್ದೇನೆ.

ತೀರ್ಥಹಳ್ಳಿಯಿಂದ:

ಮೇಲಿನವರು ಹೇಳಿದ್ದಕ್ಕೆ ನನ್ನದೂ ಹೂಂ. ಜೊತೆಗೆ ನೀಡಲ್ ವಾಲ್ವ್ ಕೆಳಗಿನ ವಾಷರ್ ನೋಡಿ. ಸೋಲೆಕ್ಸ್‌ನಲ್ಲಿ ಪೆಟ್ರೋಲ್ ಮಟ್ಟ ನಿಲ್ಲುವುದೇ ಅದರ ದಪ್ಪದ ಮೇಲೆ. ನನ್ನ ಗಾಡಿಯಲ್ಲಿ ಯಾರೋ ಅದನ್ನು ಹಾಕುವುದನ್ನೇ ಮರೆತಿದ್ದರು, ಆಗುಂಬೆ ಘಾಟಿ ಹತ್ತುವಷ್ಟರಲ್ಲಿ ಗಾಡಿಯೊಳಗೆ ಕೂರಲಾರದಷ್ಟು ವಾಸನೆ. ಆ ಸೂಜಿಯನ್ನು ಎತ್ತುವ ತೇಲುಬುಡ್ಡೆ, ಅಂದರೆ ಫ್ಲೋಟ್, ಹಿತ್ತಾಳೆಯದಾದರೆ ಬಿಸಿನೀರಿನಲ್ಲಿ ಮುಳುಗಿಸಿ, ಗುಳ್ಳೆ ಬಂದರೆ ತೂತು. ಬುಡದ ಫ್ಲ್ಯಾಂಜ್ (ಎಂಜಿನ್ನಿಗೆ ಕೂರುವ ಚಪ್ಪಟೆ ಅಂಚು) ಬಾಗಿದ್ದರೆ ಗಾಜಿನ ಮೇಲೆ ಎಮರಿ ಕಾಗದ ಹರಡಿ ತಿಕ್ಕಿ. ನಟ್ ಬಿಗಿ ಮಾಡುವಾಗ ಪೌರುಷ ತೋರಿಸಿದವರ ಕೆಲಸ ಅದು.

ಬೆಂಗಳೂರಿನಿಂದ:

ಈಗಿನ ಪೆಟ್ರೋಲಿನ ವಿಚಾರವನ್ನು ಯಾರೂ ಹೇಳಲಿಲ್ಲ. 20 ಪ್ರತಿಶತ ಎಥನಾಲ್ ಬೆರೆಸಿದ ಪೆಟ್ರೋಲ್ ಬಿಡುಗಡೆಯಾದದ್ದು 2023ರ ಫೆಬ್ರವರಿಯಲ್ಲಿ, ನಮ್ಮ ಬೆಂಗಳೂರಿನಲ್ಲೇ. ಹಳೆಯ ರಬ್ಬರ್ ಪೈಪ್, ಡಯಾಫ್ರಮ್ ಇದರಲ್ಲಿ ಉಬ್ಬಿ ಮೆತ್ತಗಾಗುತ್ತವೆ. ಎಥನಾಲ್ ನೀರನ್ನೂ ಹೀರುತ್ತದೆ, ನಿಂತ ಗಾಡಿಯ ಫ್ಲೋಟ್ ಚೇಂಬರಿನಲ್ಲಿ ಬಿಳಿ ಪುಡಿ ಕಟ್ಟುವುದು ಅದರಿಂದಲೇ. ವೈಟಾನ್ ರಬ್ಬರ್ ತುದಿಯ ನೀಡಲ್, ಎಥನಾಲ್ ತಡೆಯುವ ಪೈಪ್ ಎಂದು ಕೇಳಿ ಕೊಳ್ಳಿ. ಎಥನಾಲಿಗೆ ಪೆಟ್ರೋಲಿಗಿಂತ ಕಡಿಮೆ ಗಾಳಿ ಸಾಕಾದ್ದರಿಂದ, ಹಳೆಯ ಜೆಟ್‌ಗಳಲ್ಲಿ ಮಿಶ್ರಣ ಮೊದಲೇ ತೆಳು, ಅಂದರೆ ಗಾಳಿ ಹೆಚ್ಚು. ಅದರ ಮೇಲೆ ಸ್ಪಿಂಡಲ್ ಸೋರಿದರೆ ಕೇಳುವುದೇ ಬೇಡ.

ಬಿಡಿಭಾಗಕ್ಕೆ ಜೆ.ಸಿ. ರಸ್ತೆ, ಪೂರ್ತಿ ಹಳೆಯ ಕಾರ್ಬ್ಯುರೇಟರಿಗೆ ಶಿವಾಜಿನಗರದ ಗುಜರಿ. ಕೊಳ್ಳುವಾಗ ಸ್ಪಿಂಡಲ್ಲನ್ನು ಬೆರಳಿನಿಂದ ಅಲ್ಲಾಡಿಸಿ ನೋಡಿ, ಕಡಕಡ ಎಂದರೆ ಅಲ್ಲೇ ಬಿಟ್ಟು ಬನ್ನಿ. ಗಾಡಿ ತಿಂಗಳುಗಟ್ಟಲೆ ನಿಲ್ಲುವುದಿದ್ದರೆ ಪಂಪಿನ ಪೈಪ್ ಕಳಚಿ, ತುದಿ ಮುಚ್ಚಿ, ಚೇಂಬರ್ ಖಾಲಿಯಾಗುವವರೆಗೆ ಎಂಜಿನ್ ಓಡಿಸಿಬಿಡಿ.

ಕೇಳಿದವರು, ಎರಡು ವಾರದ ನಂತರ:

ಎಲ್ಲರಿಗೂ ನಮಸ್ಕಾರ. ಪಾಯಿಂಟ್ ಸರಿಯಿತ್ತು. ಎಣ್ಣೆ ಬಿಟ್ಟ ಕೂಡಲೇ ಐಡಲ್ ಇಳಿದು ನೆಟ್ಟಗಾಯಿತು, ಅರ್ಧ ನಿಮಿಷದ ಬಳಿಕ ಮತ್ತೆ ಹಳೆಯ ಕುಣಿತ. ಬುಷ್ ಹಾಕಿಸಿದೆ. ಮಿಶ್ರಣದ ಸ್ಕ್ರೂ ಮೆಲ್ಲಗೆ ಒಳಗೆ ಕೂರಿಸಿ ಒಂದೂವರೆ ಸುತ್ತು ಹೊರಗೆ ತಂದು, ಎಂಜಿನ್ ಬಿಸಿಯಾದ ಮೇಲೆ ಸದ್ದು ಕೇಳುತ್ತ ಹೊಂದಿಸಿದೆ. ವಾಷರ್ ಒಂದರ ಬದಲು ಎರಡು ಇದ್ದವು! ಒಂದನ್ನು ತೆಗೆದೆ. ಈಗ ಸಿಗ್ನಲ್‌ನಲ್ಲಿ ಎಂಜಿನ್ ನಿಲ್ಲುವುದಿಲ್ಲ. ಪಕ್ಕದ ಸೀಟಿನಲ್ಲಿ ಕೂತ ಅಪ್ಪ ಮಾತ್ರ, ಬೆಳಿಗ್ಗೆ ಚೋಕ್ ಅಷ್ಟು ಎಳೆಯಬೇಡವೋ ಎಂದು ದಿನವೂ ಬೈಯುತ್ತಾರೆ.