ಗೋಬರ್ ಗ್ಯಾಸಿಗೆ ಮೆಂಬ್ರೇನ್ ಹಾಕಿದವರು ಯಾರಾದರೂ ಇದ್ದೀರಾ?

ಕೇಳಿದವರು, ಬಾಗಲಕೋಟೆ ಕಡೆಯಿಂದ:
ಪ್ರೆಸ್‌ಮಡ್ (ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ರಸ ಸೋಸಿದಾಗ ಉಳಿಯುವ ಮಡ್ಡಿ) ಮತ್ತು ಸಗಣಿಯಿಂದ ಗಂಟೆಗೆ ಸುಮಾರು 100 ಘನ ಮೀಟರ್ ಗ್ಯಾಸ್ ಬರುತ್ತಿದೆ. ಮೀಥೇನ್ ಶೇಕಡಾ 58-60, ಉಳಿದದ್ದು ಹೆಚ್ಚಾಗಿ ಕಾರ್ಬನ್ ಡೈಆಕ್ಸೈಡ್. ಇಷ್ಟು ದಿನ ಜನರೇಟರ್‌ಗೆ ಕೊಡುತ್ತಿದ್ದೆವು. ಈಗ ಸಿಬಿಜಿ (ಶುದ್ಧ ಮಾಡಿ ಒತ್ತಿ ತುಂಬಿದ ಬಯೋಗ್ಯಾಸ್) ಮಾಡಿ ಸಿಲಿಂಡರ್ ತುಂಬಬೇಕು ಅಂತಿದ್ದೇವೆ. ಕಾರ್ಬನ್ ಡೈಆಕ್ಸೈಡ್ ತೆಗೆಯೋಕೆ ಒಬ್ಬರು ಮೆಂಬ್ರೇನ್ ಅನ್ನುತ್ತಾರೆ, ಇನ್ನೊಬ್ಬರು ವಾಟರ್ ಸ್ಕ್ರಬ್ಬರ್ (ಗ್ಯಾಸನ್ನು ನೀರಿನಲ್ಲಿ ತೊಳೆಯುವ ಯಂತ್ರ). ನಡೆಸಿ ನೋಡಿದವರು ಹೇಳಿ.

ಮಂಡ್ಯ ಕಡೆಯ ಪ್ಲಾಂಟ್ ಆಪರೇಟರ್:
ನಮ್ಮಲ್ಲಿ ಮೆಂಬ್ರೇನ್ ಇದೆ, ನಾಲ್ಕನೇ ವರ್ಷ. ಒಳಗಿರುವುದು ಶಾವಿಗೆ ಎಳೆಯಂಥ ಪೊಳ್ಳು ನಾರುಗಳ ಕಟ್ಟು, ಅಷ್ಟೇ. 10-16 ಬಾರ್ ಒತ್ತಡದಲ್ಲಿ ಗ್ಯಾಸ್ ಬಿಟ್ಟರೆ ಕಾರ್ಬನ್ ಡೈಆಕ್ಸೈಡ್ ನಾರಿನ ಗೋಡೆಯಿಂದ ಬೇಗ ನುಸುಳಿ ಹೋಗುತ್ತದೆ. ಮೀಥೇನ್ ಅಷ್ಟು ಬೇಗ ನುಸುಳುವುದಿಲ್ಲ, ಒತ್ತಡದಲ್ಲೇ ಆಚೆ ತುದಿಗೆ ಬರುತ್ತದೆ. ಹೇಗೂ ಮುಂದೆ ಸಿಲಿಂಡರ್‌ಗೆ 200-250 ಬಾರ್ ಏರಿಸಬೇಕಲ್ವಾ, ಆ ಒತ್ತಡ ದಂಡ ಆಗುವುದಿಲ್ಲ.

ಮೆಂಬ್ರೇನ್ ತಾನಾಗಿ ಕೆಡುವುದು ಕಡಿಮೆ, ಕೆಡಿಸುವವರು ನಾವೇ. ಮೊದಲ ಸೆಟ್ ಎಂಟು ತಿಂಗಳಿಗೆ ಹೋಯಿತು. 95 ಇದ್ದ ಮೀಥೇನ್ ಮೆಲ್ಲಗೆ 88ಕ್ಕೆ ಇಳಿಯಿತು. ಮಾರಿದವರು ‘ಒತ್ತಡ ಜಾಸ್ತಿ ಮಾಡಿ’ ಅಂದರು, ಮಾಡಿದೆವು. ಆಮೇಲೆ ಒಂದು ದಿನ ಮೆಂಬ್ರೇನ್‌ಗೆ ಹೋಗುವ ಪೈಪಿನ ಸ್ಯಾಂಪಲ್ ವಾಲ್ವ್ ಸ್ವಲ್ಪ ಬಿಚ್ಚಿ ಬಿಳಿ ಟಿಶ್ಯೂ ಹಿಡಿದೆ. ಹಳದಿ ಜಿಡ್ಡು! ಕಂಪ್ರೆಸರ್ ಎಣ್ಣೆ. ನಾರಿಗೆ ಎಣ್ಣೆ ಹತ್ತಿದರೆ ತೊಳೆದು ಸರಿಮಾಡುವ ಮಾತೇ ಇಲ್ಲ. ಈಗ ಎಣ್ಣೆ ಹಿಡಿಯುವ ಫಿಲ್ಟರ್ ಎರಡು, ಹಿಂದೆ ಆಕ್ಟಿವೇಟೆಡ್ ಕಾರ್ಬನ್. ಟಿಶ್ಯೂ ಹಿಡಿಯುವುದು ಪ್ರತಿ ಸೋಮವಾರದ ಪೂಜೆ.

ವಿಜಯಪುರದಿಂದ, ವಾಟರ್ ಸ್ಕ್ರಬ್ಬರ್ ನಡೆಸುವವರು:
ನಮ್ಮದು ಗಟ್ಟಿ ಗಿರಾಕಿ, ಸಣ್ಣಪುಟ್ಟ ಕೊಳೆಗೆ ಹೆದರುವುದಿಲ್ಲ. ಆದರೆ ಏಪ್ರಿಲ್-ಮೇನಲ್ಲಿ ನೀರು ಬೆಚ್ಚಗಾದರೆ ಕಾರ್ಬನ್ ಡೈಆಕ್ಸೈಡ್ ಸರಿಯಾಗಿ ಕರಗುವುದಿಲ್ಲ. ಚಿಲ್ಲರ್ ಬೇಕೇ ಬೇಕು, ಕರೆಂಟ್ ಬಿಲ್ ನೋಡಿದರೆ ತಲೆ ತಿರುಗುತ್ತದೆ.

ಇನ್ನೊಂದು, ಪ್ರೆಸ್‌ಮಡ್ ಅಂದಿರಲ್ಲ, ಅದರಲ್ಲಿ ಗಂಧಕ ಜಾಸ್ತಿ. ಅದರಿಂದ ಹೈಡ್ರೋಜನ್ ಸಲ್ಫೈಡ್ ಎಂಬ ವಿಷದ ಗ್ಯಾಸ್ ಸಾವಿರಾರು ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಪಾಲು) ಬರಬಹುದು. ಕೊಳೆತ ಮೊಟ್ಟೆ ವಾಸನೆ ಬಂದರೆ ಗೊತ್ತಾಗುತ್ತದೆ ಅಂತ ಕೂರಬೇಡಿ, ಪ್ರಮಾಣ ಏರಿದರೆ ಮೂಗೇ ಸತ್ತುಹೋಗುತ್ತದೆ. ಮೀಟರ್ ಇಟ್ಟುಕೊಳ್ಳಿ. ಅದನ್ನು ಹಿಡಿಯೋಕೆ ಐರನ್ ಆಕ್ಸೈಡ್ ಬೆಡ್ ಹಾಕಿದರೆ, ಹಳೆಯದನ್ನು ಒಣಗಿದ ಹಾಗೇ ಹೊರಗೆ ಸುರಿಯಬೇಡಿ. ಗಾಳಿ ತಾಗಿದರೆ ತಾನೇ ಬಿಸಿಯಾಗಿ ಹೊಗೆ ಏಳುತ್ತದೆ. ನಮ್ಮ ಹುಡುಗ ಚೀಲದಲ್ಲಿ ಕಟ್ಟಿ ಶೆಡ್ ಪಕ್ಕ ಇಟ್ಟಿದ್ದ. ಮಧ್ಯಾಹ್ನಕ್ಕೆ ಚೀಲವೇ ಇಲ್ಲ.

ಕೇಳಿದವರು:
ಥ್ಯಾಂಕ್ಸ್ ಸರ್. ಗಂಧಕ ತೆಗೆಯೋಕೆ ನಾವು ಈಗ ಡೈಜೆಸ್ಟರ್‌ಗೆ (ಸಗಣಿ ಕೊಳೆಯುವ ಟ್ಯಾಂಕ್) ಸ್ವಲ್ಪ ಗಾಳಿ ಬಿಡುತ್ತೇವೆ, ಶೇಕಡಾ 5ರಷ್ಟು. ಜನರೇಟರ್‌ಗೆ ತೊಂದರೆ ಆಗಿಲ್ಲ.

ಜರ್ಮನಿಯಲ್ಲಿ ಬಯೋಗ್ಯಾಸ್ ಪ್ಲಾಂಟ್‌ನಲ್ಲಿ ಕೆಲಸ ಮಾಡುವ ಕನ್ನಡಿಗ:
ಅಲ್ಲೇ ಸಿಕ್ಕಿಬೀಳುತ್ತೀರಿ. 100ಕ್ಕೆ 5 ಗಾಳಿ ಅಂದರೆ 4 ನೈಟ್ರೋಜನ್. ಮೆಂಬ್ರೇನ್‌ಗೆ ನೈಟ್ರೋಜನ್ ಮತ್ತು ಮೀಥೇನ್ ಹೆಚ್ಚುಕಡಿಮೆ ಒಂದೇ. ಕಾರ್ಬನ್ ಡೈಆಕ್ಸೈಡ್ ಹೋಗಿ 60-65 ಉಳಿದಾಗ ಆ 4 ಅಲ್ಲೇ ಕೂತಿರುತ್ತದೆ. ಲೆಕ್ಕ ಹಾಕಿ, ಶೇಕಡಾ 6. ಬಯೋಗ್ಯಾಸಿಗೆ ಇರುವ ಭಾರತೀಯ ಮಾನದಂಡ ಐಎಸ್ 16087 ಪ್ರಕಾರ ಮೀಥೇನ್ ಕನಿಷ್ಠ 90 ಬೇಕು, ಆಕ್ಸಿಜನ್ 0.5 ದಾಟಬಾರದು. ಗಾಳಿ ನಿಲ್ಲಿಸಿ, ಗಂಧಕಕ್ಕೆ ಬೇರೆ ದಾರಿ ನೋಡಿ.

ಒಂದೇ ಸ್ಟೇಜ್ (ಗ್ಯಾಸ್ ಒಂದೇ ಸಲ ಸೋಸುವ) ಮೆಂಬ್ರೇನ್ ಅಗ್ಗ, ಆದರೆ ಹೊರಹೋಗುವ ಕಾರ್ಬನ್ ಡೈಆಕ್ಸೈಡ್ ಜೊತೆ ಮೀಥೇನ್ ಚೆನ್ನಾಗಿಯೇ ಸೋರುತ್ತದೆ. ಮೂರು ಸ್ಟೇಜ್ ಇದ್ದರೆ ಶೇಕಡಾ 99 ದಾಟಿ ಕೈಗೆ ಸಿಗುತ್ತದೆ. ಇಲ್ಲಿ ಗ್ಯಾಸ್ ಪೈಪ್‌ಲೈನ್‌ಗೆ ಕೊಡುವವರಿಗೆ ಮೀಥೇನ್ ಸೋರಿಕೆ ಶೇಕಡಾ 0.2ರ ಮಿತಿ ಇದೆ, ಹಾಗಾಗಿ ಉಳಿದದ್ದನ್ನೂ ಸುಡುತ್ತಾರೆ. ನಿಮ್ಮ ಹತ್ತಿರ ಜನರೇಟರ್ ಹೇಗೂ ಇದೆ, ಮಾರಬೇಡಿ. ಎರಡು ಸ್ಟೇಜ್ ಹಾಕಿ, ಕಾರ್ಬನ್ ಡೈಆಕ್ಸೈಡ್ ಜೊತೆ ಹೊರಬಂದ ಗ್ಯಾಸನ್ನು ಶುದ್ಧ ಮಾಡದ ಹಸಿ ಗ್ಯಾಸಿನ ಜೊತೆ ಬೆರೆಸಿ ಜನರೇಟರ್‌ಗೇ ಕೊಡಿ. ಕಂಪ್ರೆಸರಿಗೆ ಬೇಕಾದ ಕರೆಂಟ್‌ನಲ್ಲಿ ಒಂದು ಪಾಲು ಅಲ್ಲೇ ಹುಟ್ಟುತ್ತದೆ.

ಮಂಡ್ಯದವರು:
ಜನರೇಟರ್ ಮಾತು ಸರಿ. ನಾವು ಮಾರಿಬಿಟ್ಟೆವು, ಈಗ ಹೊಟ್ಟೆ ಉರಿಯುತ್ತದೆ.