ಮೇಪಲ್ ಮರದ ಯಕ್ಷನಿಗೆ ಏನು ಕೆಲಸ ಕೊಡಲಿ?

ಚಿತ್ರಪುಟ:
ಮಕ್ಕಳಿಗಾಗಿ ಚಿತ್ರಕಥೆಯೊಂದನ್ನು ಬರೆಯುತ್ತಿದ್ದೇನೆ. ಶರತ್ಕಾಲದ ಮಾಯಾಕಾಡು, ಅಲ್ಲೊಂದು ಮೇಪಲ್ ಮರ, ಅದರ ಪೊಟರೆಯಲ್ಲಿ ಗೇಣುದ್ದದ ಯಕ್ಷ. ತೊಗಟೆಯ ಅಂಗಿ, ಓಕ್ ಕಾಯಿಯ ಬಟ್ಟಲೇ ಟೊಪ್ಪಿಗೆ. ರಾತ್ರಿಯೆಲ್ಲ ಕುಂಚ ಹಿಡಿದು ಎಲೆಗಳಿಗೆ ಬಣ್ಣ ಬಳಿಯುತ್ತಾನೆ. ಆದರೆ ನಾಲ್ಕನೆಯ ಪುಟದ ಹೊತ್ತಿಗೆ ಸಪ್ಪೆಯಾಗಿಬಿಡುತ್ತಾನೆ. ಇವನಿಗೆ ಚೇಷ್ಟೆ ಎಲ್ಲಿಂದ ತರಲಿ? ಉದ್ದ ಗಡ್ಡದ ಜ್ಞಾನಿ ಅಜ್ಜನನ್ನಾಗಿ ಮಾಡಿ ಎಂದು ಮಾತ್ರ ಹೇಳಬೇಡಿ.

ಒಣಎಲೆ:
ಮೊದಲು ಅವನ ಕುಂಚ ಕಿತ್ತುಕೊಳ್ಳಿ! ಯಕ್ಷ ಎಂದರೆ ಕುಬೇರನ ಕಡೆಯವನು, ನಿಧಿ ಕಾಯುವವನು. ಶರತ್ಕಾಲದಲ್ಲಿ ಮರ ಮಾಡುವುದೂ ಅದನ್ನೇ. ಹಗಲು ಕಿರಿದಾದಂತೆ ಪತ್ರಹರಿತ್ತನ್ನು ಒಡೆದು, ಎಲೆಯೊಳಗಿನ ಸಾರಜನಕ, ರಂಜಕಗಳನ್ನು ರೆಂಬೆ, ಕಾಂಡ, ಬೇರುಗಳಿಗೆ ಸಾಗಿಸಿ ಬಚ್ಚಿಡುತ್ತದೆ. ಹಳದಿಯನ್ನು ಯಾರೂ ಬಳಿದದ್ದಲ್ಲ, ಅದು ಬೇಸಗೆಯುದ್ದಕ್ಕೂ ಹಸಿರಿನಡಿ ಅಡಗಿತ್ತು. ಕೆಂಪು ಮಾತ್ರ ಹೊಸ ಖರ್ಚು. ಇಂದೋ ನಾಳೆಯೋ ಬೀಳುವ ಎಲೆಯಲ್ಲಿ ಮರ ಸಕ್ಕರೆ ವ್ಯಯಿಸಿ ಆಂಥೋಸಯನಿನ್ ಎಂಬ ಕೆಂಪು ಬಣ್ಣದ ವಸ್ತು ತಯಾರಿಸುತ್ತದೆ. ಬಿಸಿಲಿನಿಂದ ರಕ್ಷಣೆಗೆ ಎಂದು ಕೆಲವು ವಿಜ್ಞಾನಿಗಳು, ಕೀಟಗಳಿಗೆ ಎಚ್ಚರಿಕೆ ಎಂದು ಇನ್ನು ಕೆಲವರು, ವಾದ ಮುಗಿದಿಲ್ಲ. ಕಾಸಿಗೆ ಕಾಸು ಗಂಟು ಹಾಕುವ ಜಿಪುಣ, ಕೆಂಪು ಕಂಡರೆ ಮಾತ್ರ ಕೈ ತಡೆಯಲಾರದ ದುಂದುಗಾರ. ಇವನಿಗೆ ನಾಲ್ಕು ಪುಟ ಸಾಲುವುದಿಲ್ಲ.

ಇನ್ನೊಂದು. ಉದುರಿದ ಎಲೆಯ ತೊಟ್ಟಿನ ತುದಿ ನೋಡಿ, ಹರಿದಂತಿರುವುದಿಲ್ಲ, ನಯವಾಗಿ ಬಿಡಿಸಿದಂತಿರುತ್ತದೆ. ಕೊಂಬೆಯ ಆ ಜಾಗವನ್ನು ಮರವೇ ಬೆಂಡಿನಂಥ ಪದರದಿಂದ ಮುಚ್ಚಿರುತ್ತದೆ. ಮೇಪಲ್ ಆದರೆ ಆ ಗಾಯದ ಕಲೆಯಲ್ಲಿ ಸಾಮಾನ್ಯವಾಗಿ ಮೂರು ಚುಕ್ಕೆ, ನೀರು ಹರಿದ ನಾಳಗಳ ಗುರುತು. ಅದೇ ಅವನ ಮೊಹರು ಎನ್ನಿ. ಆ ಕಲೆಯ ತುಸು ಮೇಲ್ಗಡೆ ಮುಂದಿನ ವರ್ಷದ ಮೊಗ್ಗು ಆಗಲೇ ಕುಳಿತಿರುತ್ತದೆ.

ಬೀಚ್‌ನೆರಳು:
ನೆರೆಹೊರೆಯವರನ್ನೂ ಸೇರಿಸಿ. ಎಳೆಯ ಓಕ್, ಬೀಚ್ ಮರಗಳು ಒಣಗಿದ ಎಲೆಯನ್ನು ವಸಂತದವರೆಗೂ ಬಿಡುವುದಿಲ್ಲ. ಗಿಂಕ್ಗೊ ಮರ ನೀರು ಹೆಪ್ಪುಗಟ್ಟುವಂಥ ಗಟ್ಟಿ ಚಳಿ ಬಿದ್ದರೆ ಒಂದೇ ದಿನದಲ್ಲಿ ಎಲ್ಲವನ್ನೂ ಸುರಿದುಬಿಡುತ್ತದೆ. ಗ್ರೀಕರ ಹಮಡ್ರಯಾಡ್ ಮರದೊಂದಿಗೇ ಸಾಯುವ ದೇವತೆ, ಅವಳನ್ನೂ ಕರೆತರಬಹುದು.

ಚಿತ್ರಪುಟ:
ಸಾಯುವವರು ಬೇಡ, ಓದುವವರಿಗೆ ಐದು ವರ್ಷ. ಜಿಪುಣ ಯಕ್ಷ ಹಿಡಿಸಿದ. ಆದರೆ ಅವನ ದುಂದಿಗೆ ಅಡ್ಡಿ ಯಾರು? ಕಥೆಗೆ ಒಂದು ಜಗಳ ಬೇಕಲ್ಲ.

ಒಣಎಲೆ:
ಮೋಡ. ಒಳ್ಳೆಯ ಕೆಂಪಿಗೆ ಹಗಲು ಬಿಸಿಲು ಬೇಕು, ರಾತ್ರಿ ನೀರು ಹೆಪ್ಪುಗಟ್ಟದಷ್ಟು ಚಳಿ ಬೇಕು. ವಾರಗಟ್ಟಲೆ ಮೋಡ ಕವಿದರೆ ಅವನು ಮುಖ ಊದಿಸಿಕೊಂಡು ಪೊಟರೆಯಲ್ಲಿ ಕೂರಲಿ. ಒಂದು ಎಲೆಯ ಮೇಲೆ ಇನ್ನೊಂದು ಒರಗಿದ್ದರೆ, ಬಿಸಿಲು ತಾಗದ ಭಾಗ ಹಳದಿಯಾಗಿಯೇ ಉಳಿದು ಮೇಲಿನ ಎಲೆಯ ಅಚ್ಚು ಮೂಡುವುದುಂಟು. ಚಿತ್ರಕ್ಕೆ ಇದಕ್ಕಿಂತ ಏನು ಬೇಕು? ಯಕ್ಷ ನಿದ್ದೆ ಹೋದ ಎಲೆಯ ಮೇಲೆ ಅವನದೇ ಹಳದಿ ಆಕಾರ, ಟೊಪ್ಪಿಗೆ ಸಮೇತ.