ತಪ್ಪು ಆಗಲಿಲ್ಲ, ಆಗುವುದರಲ್ಲಿತ್ತು. ಬರೆದು ಕೊಡಬೇಕಾ?

ಪ್ರಶ್ನೆ (ವಾರ್ಡ್ ನರ್ಸ್):
ನಮಸ್ಕಾರ ಡಾಕ್ಟರೇ. ನಾನು ಕೆಲಸಕ್ಕೆ ಸೇರಿ ಎರಡು ವರ್ಷ. ಮೊನ್ನೆ ನೈಟ್ ಡ್ಯೂಟಿಯಲ್ಲಿ ಆಂಟಿಬಯೋಟಿಕ್ ಪುಡಿ ಕರಗಿಸಲು ಸ್ಟೆರೈಲ್ ವಾಟರ್ ಬೇಕಿತ್ತು. ಡ್ರಾಯರ್‌ಗೆ ಕೈ ಹಾಕಿ ಒಂದು ಆಂಪ್ಯೂಲ್ (ಔಷಧದ ಪುಟ್ಟ ಸೀಸೆ) ತೆಗೆದೆ. ಅದರ ತುದಿ ಮುರಿಯುವಾಗ ಲೇಬಲ್ ಕಣ್ಣಿಗೆ ಬಿತ್ತು: ಪೊಟ್ಯಾಸಿಯಂ ಕ್ಲೋರೈಡ್. ಕೈಕಾಲು ತಣ್ಣಗಾಯಿತು. ಬೆಳಿಗ್ಗೆ ಇನ್‌ಚಾರ್ಜ್ ಸಿಸ್ಟರ್‌ಗೆ ಹೇಳಿದೆ. "ಏನೂ ಆಗಲಿಲ್ಲ ಅಲ್ವಾ, ಸುಮ್ನೆ ಬಿಡು, ಇನ್ಮೇಲೆ ಹುಷಾರಾಗಿರು" ಅಂದರು. ನನಗೆ ನಿದ್ದೆ ಬರುತ್ತಿಲ್ಲ. ಇದನ್ನು ಬರೆದು ಕೊಡಬೇಕಾ? ಕೊಟ್ಟರೆ ಕೆಲಸಕ್ಕೆ ತೊಂದರೆಯಾಗುತ್ತಾ?

ಉತ್ತರ (ಅರಿವಳಿಕೆ ವೈದ್ಯ, ಆಸ್ಪತ್ರೆಯ ಸುರಕ್ಷತಾ ಸಮಿತಿ ಸದಸ್ಯ):
ಬರೆದು ಕೊಡಿ ಸಿಸ್ಟರ್. ಇವತ್ತೇ ಕೊಡಿ. ನೀವು ಎಷ್ಟೇ ಹುಷಾರಾಗಿದ್ದರೂ ಆ ಡ್ರಾಯರ್ ಹಾಗೇ ಇದೆ. ಇವತ್ತು ರಾತ್ರಿ ಅದಕ್ಕೆ ಕೈ ಹಾಕುವವರು ಇನ್ನೊಬ್ಬರು. ಅವರ ಕಣ್ಣಿಗೆ ಲೇಬಲ್ ಬೀಳದೆಯೂ ಹೋಗಬಹುದು.

ಡ್ರಾಯರ್ ಮುಂದೆ ನಿಂತು ಒಮ್ಮೆ ನೋಡಿ. ಸ್ಟೆರೈಲ್ ವಾಟರ್, ಪೊಟ್ಯಾಸಿಯಂ ಕ್ಲೋರೈಡ್ ಎರಡೂ ಪ್ಲಾಸ್ಟಿಕ್ ಆಂಪ್ಯೂಲ್, ಎರಡೂ 10 ಎಂಎಲ್, ಎರಡರಲ್ಲೂ ನೀರಿನಂಥ ದ್ರವ. ಪಕ್ಕಪಕ್ಕದಲ್ಲೇ ಇರುತ್ತವೆ. ಆದರೆ ಪೊಟ್ಯಾಸಿಯಂ ಕ್ಲೋರೈಡನ್ನು ಡೈಲ್ಯೂಟ್ ಮಾಡದೆ ನೇರವಾಗಿ ರಕ್ತನಾಳಕ್ಕೆ ಕೊಟ್ಟರೆ ಹೃದಯ ನಿಂತುಹೋಗಬಹುದು. ಹೀಗೆ ಜೀವ ಹೋದ ಉದಾಹರಣೆಗಳು ಬೇರೆ ಬೇರೆ ದೇಶಗಳಲ್ಲಿವೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲೇ ಇಂಥ ಗಾಢ ದ್ರಾವಣಗಳನ್ನು ವಾರ್ಡ್‌ನಿಂದ ತೆಗೆದು ಫಾರ್ಮಸಿಯಲ್ಲಿಡಿ ಎಂದು ಸಲಹೆ ಕೊಟ್ಟಿತು. ಅದಿನ್ನೂ ನಿಮ್ಮ ಡ್ರಾಯರ್‌ನಲ್ಲಿದೆ ಅಂದರೆ, ಸಮಿತಿಗೆ ಗೊತ್ತಾಗಬೇಕಾದ ಮೊದಲ ಸಂಗತಿ ಅದೇ.

ನನ್ನದೂ ಒಂದು ಹೇಳುತ್ತೇನೆ. ಹಲವು ವರ್ಷಗಳ ಹಿಂದಿನ ಮಾತು. ಆಪರೇಷನ್ ಮುಗಿದಿತ್ತು. ಸ್ನಾಯು ಸಡಿಲಿಸಿದ ಔಷಧದ ಪರಿಣಾಮ ಇಳಿಸಲು ರಿವರ್ಸಲ್ ಕೊಡಬೇಕು. ಟ್ರೇಯಲ್ಲಿ ಒಂದೇ ಅಳತೆಯ ಎರಡು ಸಿರಿಂಜ್, ಎರಡಕ್ಕೂ ಲೇಬಲ್ ಇಲ್ಲ. "ಎಡಗಡೆಯದು ರಿವರ್ಸಲ್" ಎಂದು ನಾನೇ ನೆನಪಿಟ್ಟುಕೊಂಡಿದ್ದೆ. ನಡುವೆ ಯಾರೋ ಟ್ರೇ ಸರಿಸಿದ್ದರು. ನಾನು ಸ್ನಾಯು ಸಡಿಲಿಸುವ ಔಷಧವನ್ನೇ ಮತ್ತೆ ಕೊಟ್ಟೆ. ಉಸಿರು ತಾನಾಗಿ ಬರಬೇಕಿತ್ತು, ಬರಲಿಲ್ಲ. ಕೂಡಲೇ ಮತ್ತೆ ನಿದ್ದೆಯ ಔಷಧ ಕೊಟ್ಟು, ಮುಕ್ಕಾಲು ಗಂಟೆ ವೆಂಟಿಲೇಟರ್‌ನಲ್ಲಿಟ್ಟೆ. ರೋಗಿ ಚೆನ್ನಾಗಿ ಎಚ್ಚರಾದರು. ಹೊರಗೆ ಬಂದು ಮನೆಯವರಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆ. ಆ ಐದು ನಿಮಿಷ ನನಗೆ ಇವತ್ತಿಗೂ ನೆನಪಿದೆ. ಮರುವಾರ ಥಿಯೇಟರ್‌ಗೆ ಬಣ್ಣದ ಲೇಬಲ್ ಬಂತು. ಔಷಧ ತುಂಬಿದವರೇ, ಸಿರಿಂಜ್ ಕೈಯಿಂದ ಇಳಿಸುವ ಮೊದಲೇ ಅಂಟಿಸಬೇಕು ಎಂದಾಯಿತು.

ಈಗ ಬರೆಯುವುದು ಹೇಗೆ? "ನನ್ನ ಅಜಾಗರೂಕತೆಯಿಂದ" ಎಂದು ಶುರು ಮಾಡಬೇಡಿ. ಅದನ್ನು ಓದಿದವರು ನಿಮ್ಮನ್ನು ನೋಡುತ್ತಾರೆ, ಡ್ರಾಯರ್ ನೋಡುವುದಿಲ್ಲ. ಎಷ್ಟು ಗಂಟೆ, ಎಷ್ಟು ರೋಗಿಗಳಿಗೆ ಎಷ್ಟು ಜನ ನರ್ಸ್, ಬೆಳಕು ಹೇಗಿತ್ತು, ಯಾವುದರ ಪಕ್ಕ ಯಾವುದಿತ್ತು, ನಿಮಗೆ ಹೇಗೆ ಗೊತ್ತಾಯಿತು, ಇಷ್ಟು ಸಾಕು. ಎರಡು ಆಂಪ್ಯೂಲ್ ಅಕ್ಕಪಕ್ಕ ಇಟ್ಟು ಒಂದು ಫೋಟೋ ಸೇರಿಸಿ.

ಕೆಲಸದ ಭಯ ಸುಳ್ಳಲ್ಲ. ಎಲ್ಲ ಆಡಳಿತವೂ ಒಂದೇ ಥರ ಇರುವುದಿಲ್ಲ. ವಿಮಾನ ಕ್ಷೇತ್ರದವರು ಇದಕ್ಕೊಂದು ದಾರಿ ಕಂಡುಕೊಂಡರು. ಅಮೆರಿಕದಲ್ಲಿ 1976ರಿಂದ ಪೈಲಟ್‌ಗಳು ತಮ್ಮ ತಪ್ಪುಗಳನ್ನು ನಾಸಾಗೆ ಬರೆದು ಕಳಿಸುತ್ತಾರೆ. ಲೈಸೆನ್ಸ್ ಕೊಡುವ ಇಲಾಖೆಯ ಕೈಗೆ ಅದು ಹೆಸರಿನ ಸಮೇತ ಹೋಗುವುದಿಲ್ಲ. ನಿಮ್ಮಲ್ಲೂ ಹೆಸರಿಲ್ಲದೆ ಕೊಡುವ ಫಾರ್ಮ್ ಇದೆಯಾ ಕೇಳಿ.

ಪ್ರಶ್ನೆ (ರೋಗಿಯ ಮಗ):
ಡಾಕ್ಟರೇ, ಅಮ್ಮನಿಗೆ ಮುಂದಿನ ವಾರ ಆಪರೇಷನ್. ಬಂದವರೆಲ್ಲ ಹೆಸರು, ಯಾವ ಕಾಲು ಎಂದು ಕೇಳುತ್ತಲೇ ಇದ್ದಾರೆ. ಇವರಿಗೆ ಫೈಲ್ ನೋಡಲು ಬರುವುದಿಲ್ಲವಾ ಎಂದು ಅಮ್ಮನಿಗೆ ಗಾಬರಿ.

ಉತ್ತರ:
ಕೇಳುತ್ತಿದ್ದಾರೆ ಅಂದರೆ ಸಮಾಧಾನವಾಗಿರಿ. ಫೈಲೇ ಅದಲುಬದಲಾಗಿದ್ದರೆ ಅದು ಗೊತ್ತಾಗುವುದು ಅಮ್ಮನ ಬಾಯಿಂದಲೇ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಆಪರೇಷನ್‌ಗೆ 19 ಅಂಶಗಳ ಚೆಕ್‌ಲಿಸ್ಟ್ ತಂದಿತು. ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಅದನ್ನು ಬಳಸಿ ನೋಡಿದಾಗ ಸಾವಿನ ಪ್ರಮಾಣ ಶೇ. 1.5ರಿಂದ 0.8ಕ್ಕೆ ಇಳಿಯಿತು. 2009ರಲ್ಲಿ ಬಂದ ವರದಿ ಅದು. ಆದರೆ ಜೋರಾಗಿ ಕೇಳಿ, ಉತ್ತರ ಪಡೆದು ಟಿಕ್ ಹಾಕಬೇಕು. ಎಲ್ಲ ಮುಗಿದ ಮೇಲೆ ಸಾಲಾಗಿ ಟಿಕ್ ಹಾಕಿದರೆ ಅದು ಬರೀ ಕಾಗದ. ಅಮ್ಮ ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿ, ಅಲರ್ಜಿ ಇದ್ದರೆ ಅದೂ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.

ಪ್ರಶ್ನೆ (ವಾರ್ಡ್ ನರ್ಸ್):
ಫಾರ್ಮ್ ಕೊಟ್ಟೆ ಡಾಕ್ಟರೇ, ಫೋಟೋ ಸಮೇತ. ಸಮಿತಿ ಸೇರುವುದು ತಿಂಗಳ ಕೊನೆಗೆ ಅಂತೆ. ಅಲ್ಲಿಯವರೆಗೆ?

ಉತ್ತರ:
ತುಂಬಾ ಒಳ್ಳೆಯ ಕೆಲಸ ಮಾಡಿದಿರಿ. ಅಲ್ಲಿಯವರೆಗೆ ಕಾಯಬೇಡಿ. ಆ ಆಂಪ್ಯೂಲ್‌ಗಳನ್ನು ಫಾರ್ಮಸಿಗೆ ವಾಪಸ್ ಕಳಿಸೋಣ ಎಂದು ಇನ್‌ಚಾರ್ಜ್ ಸಿಸ್ಟರನ್ನೇ ಕೇಳಿ, ಫೋಟೋ ಅವರಿಗೂ ತೋರಿಸಿ. ಇವತ್ತಿನ ನೈಟ್ ಡ್ಯೂಟಿಯವರಿಗೆ ಹ್ಯಾಂಡೋವರ್‌ನಲ್ಲಿ ನೀವೇ ಬಾಯಿಬಿಟ್ಟು ಹೇಳಿ.